ಸಿದ್ದವ್ವಕ್ಕ ಬೆರಳಿಟ್ಟ ಜಾಗ

ಮೈ ಮುಟ್ಟಿ ಜಡ್ಡು ಹೇಳುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ ನನ್ನದು. ನೀವು ನನ್ನನ್ನು ನಂಬಲೇಬೇಕೆಂದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಿಪ್ಪಾಣಿ ಸಮೀಪದ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರಿನ ಹೊಸ ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದೆ. ಮಂಪರು ಕೊಟ್ಟು ಯಂತ್ರದಲ್ಲಿ ಮಲಗಿಸಿದರೆ, ಎಕ್ಸ್‌-ರೇ ಆ ಪುಟ್ಟ ಎದೆಯನ್ನು ಕೂದಲೆಳೆಯಷ್ಟು ತೆಳುವಾದ ಪದರಗಳಾಗಿ ತೋರಿಸುತ್ತದೆ. ಸಾಸಿವೆಗಿಂತ ಸಣ್ಣ ಗಂಟೂ ತಪ್ಪಿಸಿಕೊಳ್ಳದು. ಔಷಧಿ ಕೊಟ್ಟ ಇಲಿಗಳಲ್ಲಿ ಒಂದೇ ಒಂದು ಉಳಿದಿತ್ತು. ಹಿಂದಿನ ವಾರದ ಚಿತ್ರದಲ್ಲಿ ಅದರ ಶ್ವಾಸಕೋಶದಲ್ಲೂ ಮೂರು ಗಂಟು ಕಂಡಿದ್ದವು. ತೂಕವೂ ಇಳಿದಿತ್ತು. ಅಷ್ಟು ಸೊರಗಿದ ಪ್ರಾಣಿಯನ್ನು ನರಳಲು ಬಿಡದೆ ಕೊನೆಗಾಣಿಸಬೇಕು, ಅದು ನಿಯಮ. ಅದೂ ಹೋದರೆ ನನ್ನ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದನ್ನು ಕೊನೆಗಾಣಿಸಬೇಕಿದ್ದ ದಿನ ಬೆಳಿಗ್ಗೆ ನನಗೆ ಚಹಾ ಕೂಡ ಸೇರಲಿಲ್ಲ.

ಗೂಡುಗಳನ್ನು ನೋಡಿಕೊಳ್ಳುವ ಸಿದ್ದವ್ವಕ್ಕ ಅಲ್ಲೇ ಹತ್ತಿರದ ಭೋಜ ಎಂಬ ಊರಿನವಳು, ಕುರಿ ಕಾಯುವ ಮನೆಯ ಹೆಣ್ಣುಮಗಳು. ಕಂಪ್ಯೂಟರ್ ಕೋಣೆಗೆ ಎಂದೂ ಕಾಲಿಟ್ಟವಳಲ್ಲ. ಯಾವ ಇಲಿಯನ್ನೆತ್ತಿದರೂ, ಕುರಿ ನೋಡುವಂತೆ, ಕುತ್ತಿಗೆಯಿಂದ ಬಾಲದವರೆಗೆ ಬೆರಳಾಡಿಸುವುದು ಅವಳ ರೂಢಿ. ಅದಕ್ಕೆ ಎಷ್ಟೋ ಸಲ ಗದರಿದ್ದೆ. ಅಂದು ಅವಳು ಇಲಿಯನ್ನು ನನ್ನ ಕೈಗೇ ಕೊಡಲಿಲ್ಲ.

“ಬ್ಯಾಡ್ರಿ ಬಾಯಾರ, ಇದು ಆರಾಮಾಗಾಕತ್ತೈತಿ. ಎರಡು ಕರಗ್ಯಾವ, ಇಲ್ಲೊಂದ ಉಳದೈತಿ,” ಎಂದು ಅದರ ಬಲಪಕ್ಕೆಯ ಮೇಲೆ ಕಿರುಬೆರಳಿಟ್ಟಳು.

“ಮೂರು ಇದ್ದೂ ಅಂತ ನಿನಗ ಯಾರ ಹೇಳ್ಯಾರ, ಯಕ್ಕಾ?”

“ಯಾರ ಹೇಳ್ತಾರ್ರಿ? ಕೈಗೆ ಗೊತ್ತಾಗತೈತಿ.”

ಸಿಟ್ಟು ಬಂತು. ಅವಳ ಬಾಯಿ ಮುಚ್ಚಿಸಲೆಂದೇ ಇನ್ನೊಮ್ಮೆ ಚಿತ್ರ ತೆಗೆದೆ. ಒಂದೊಂದೇ ಪದರ ಸರಿಸುತ್ತ ಹೋದೆ. ಎರಡು ಗಂಟುಗಳಿದ್ದ ಕಡೆ ಈಗ ಬರೀ ಗಾಳಿಯ ಕಪ್ಪು. ಬಲಪಕ್ಕೆಯೊಳಗೆ, ಅವಳು ಬೆರಳಿಟ್ಟಲ್ಲೇ, ಒಂದು ಬಿಳಿ ಚುಕ್ಕೆ. ಕುಳಿತಲ್ಲೇ ಅತ್ತುಬಿಟ್ಟೆ.

ಮರುದಿನ ಅವಳ ಕೈಗೆ ಔಷಧಿ ಕೊಡದ ಬೇರೆ ಇಲಿಗಳನ್ನು ಕೊಟ್ಟು, ಗಂಟು ಎಷ್ಟೆಂದು ಕೇಳಿ ಪರೀಕ್ಷಿಸಿದೆ. “ಹಂಗ ಕೇಳಿದ್ರ ತಿಳಿಯೂದಿಲ್ರಿ,” ಎಂದು ಕಸಬರಿಗೆ ಹಿಡಿದು ಹೊರಟೇಹೋದಳು.

ತಿಂಗಳೊಳಗೆ ಆ ಇಲಿ ಮೈತುಂಬಿಕೊಂಡಿತು. ಆ ಚುಕ್ಕೆಯೂ ಹೋಯಿತು. ಔಷಧಿಯ ಪ್ರಯೋಗ ಈಗಲೂ ಮುಂದುವರಿದಿದೆ, ನನಗೆ ಭರವಸೆಯಿದೆ. ಗಂಟು ಹೇಗೆ ಕರಗಿರಬಹುದೆಂದು ವಿವರಿಸಬಲ್ಲೆ. ಪಕ್ಕೆಲುಬಿನ ಗೂಡಿನೊಳಗಿದ್ದುದನ್ನು ಬೆರಳು ಹೇಗೆ ಎಣಿಸಿತೆಂದು ಕೇಳಬೇಡಿ, ನನಗೆ ಗೊತ್ತಿಲ್ಲ.

ಚಿತ್ರ ಎರಡನೇ ಸಲ ಯಾಕೆ ತೆಗೆದಿರಿ ಎಂದು ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. ಕೊನೆಗೆ ಇದ್ದದ್ದನ್ನೇ ಬರೆದು ಸಹಿ ಹಾಕಿದೆ: ಸಿದ್ದವ್ವ ಬೇಡವೆಂದಳು.