ಎಡಕ್ಕೆ ಸುತ್ತುವ ಮುಂಡಾಸು

ಅಪ್ಪ ಇದ್ದ ಕೊನೆಯ ದಿನ ನಾವಿಬ್ಬರೂ ಅಜ್ಜಾವರದ ಮನೆಯ ಅಂಗಳದಲ್ಲಿ ಬಟ್ಟೆ ಎಳೆದುಕೊಂಡು ನಿಂತಿದ್ದೆವು. ಹನ್ನೆರಡು ಮೊಳದ ಬಿಳಿ ಬಟ್ಟೆ, ಗಂಜಿ ಹಾಕಿ ಒಣಗಿಸಿದ್ದು. ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮುಂದಿನ ವಾರ ಮಂಡೆಕೋಲಿನಲ್ಲಿ ಒಂದು ಮದುವೆ ಇತ್ತು. ಸುತ್ತಿನ ಊರುಗಳಲ್ಲಿ ಮದುಮಗನಿಗೆ ಮುಂಡಾಸು ಕಟ್ಟಲು ಅಪ್ಪನನ್ನೇ ಕರೆಯುತ್ತಿದ್ದರು. ಅದಕ್ಕೆ ಮೊದಲು ಮನೆಯಲ್ಲಿ ಬಟ್ಟೆಗೆ ನೆರಿಗೆ ಹಿಡಿದು ಇಡಬೇಕು. ನೆರಿಗೆ ನಿಲ್ಲಬೇಕಾದರೆ ಆಚೆ ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದಿರಬೇಕು. ಏಳು ವರ್ಷದವಳಿದ್ದಾಗಿನಿಂದ ಅದು ನನ್ನ ಕೆಲಸ. ಆಗ ನನಗೆ ಹತ್ತೊಂಬತ್ತು.

"ಸಡಿಲ ಬಿಡಬೇಡ ಮಗಾ. ನಿನ್ನ ಮನಸ್ಸು ಈಗಲೇ ಕಡಬಕ್ಕೆ ಹೋಗಿಯಾಯಿತಾ?" ಎಂದರು ಅಪ್ಪ.

ಅದರ ಹಿಂದಿನ ವಾರ ಕಡಬದವರು ನನ್ನನ್ನು ನೋಡಿ ಹೋಗಿದ್ದರು. ಉತ್ತರ ಇನ್ನೂ ಬಂದಿರಲಿಲ್ಲ. ನಾನು ತಲೆ ತಗ್ಗಿಸಿದೆ, ಬಟ್ಟೆ ಇನ್ನಷ್ಟು ಸಡಿಲವಾಯಿತು.

ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದ ಬ್ಯಾರಿ ಕಾಕ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. ಅವರ ತಲೆಯಲ್ಲೂ ಬಿಳಿ ವಸ್ತ್ರ ಇತ್ತು. "ನನ್ನದು ನೋಡಿ ಗೌಡ್ರೆ, ಎರಡು ಸುತ್ತು, ಮುಗಿಯಿತು. ನಿಮ್ಮದಕ್ಕೆ ಇಬ್ಬರು ಬೇಕು."

"ನಿಮ್ಮ ತಲೆ ಸಣ್ಣದು ಮಾರಾಯ್ರೆ, ಅದಕ್ಕೆ ಅಷ್ಟೇ ಸಾಕಾಗುದು."

ಕಾಕ ನಗುತ್ತಾ ಮಜ್ಜಿಗೆ ನೆತ್ತಿಗೆ ಹತ್ತಿಸಿಕೊಂಡರು.

ಅಪ್ಪ ದಿನವೂ ತಲೆಗೆ ಸುತ್ತುತ್ತಿದ್ದದ್ದು ಮೈ ಒರೆಸುವ ಒಂದು ಹಳೆಯ ಬೈರಾಸು. ಧಣಿಗಳ ಅಂಗಳ ಹತ್ತಿರವಾದ ಕೂಡಲೇ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟುತ್ತಿದ್ದರು. ದೇವಸ್ಥಾನದ ಮುಂದೆ ಅದು ಕಂಕುಳಿಗೆ ಹೋಗುತ್ತಿತ್ತು. ಎಷ್ಟು ಸಲ ಬಿಚ್ಚಿದರೋ, ಎಷ್ಟು ಸಲ ಕಟ್ಟಿದರೋ. ಆದರೆ ಗಂಡಸಿನ ಬದುಕಿನಲ್ಲಿ ಎರಡು ದಿನ ಮಾತ್ರ, ಕಟ್ಟಿದ ಮುಂಡಾಸನ್ನು ಯಾರ ಎದುರೂ ಬಿಚ್ಚಬೇಕಾಗಿಲ್ಲ ಎಂದು ಅವರು ಹೇಳುತ್ತಿದ್ದರು. ಮದುವೆಯ ದಿನ ಒಂದು, ಸತ್ತ ದಿನ ಇನ್ನೊಂದು. ಮದುಮಗನಿಗೆ ಬಲಕ್ಕೆ ಸುತ್ತುವುದು. ಸತ್ತವರಿಗೆ ಎಡಕ್ಕೆ. ಎಡಕ್ಕೆ ಸುತ್ತುವಾಗ ತುದಿ ಹಿಡಿದವರು ತಲೆಯ ಆಚೆ ಬದಿಗೆ ಹೋಗಿ ನಿಲ್ಲಬೇಕು. ಅಜ್ಜ ತೀರಿಕೊಂಡಾಗ ಹಾಗೆ ನಿಂತವಳು ನಾನೇ. ಆಗ ಒಂಬತ್ತು ವರ್ಷ, ಯಾರೂ ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಮುಖ ತೊಳೆಯಲು ಹೋದವರು ಬಚ್ಚಲಿನ ಕಲ್ಲಿನ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಮೀಯಿಸಿ, ಬಿಳಿ ಉಡಿಸಿ ಆಯಿತು. ದೊಡ್ಡಪ್ಪ ಮದುವೆಗೆಂದು ನಾವು ನೆರಿಗೆ ಹಿಡಿದಿಟ್ಟಿದ್ದ ಬಟ್ಟೆಯನ್ನೇ ತಂದು ಸುತ್ತಲು ಹೊರಟರು. ಎರಡು ಸುತ್ತು ಆಗಿತ್ತು. ನೆರೆಮನೆಯ ಮುದುಕರೊಬ್ಬರು ಕೂಗಿದರು.

"ಎಂತ ಮಾರಾಯ, ಬಲಕ್ಕೆ ಸುತ್ತುದಾ? ಅವನನ್ನು ಮದುವೆಗೆ ಹೊರಡಿಸುದಾ?"

ದೊಡ್ಡಪ್ಪ ಕೈ ನಿಲ್ಲಿಸಿದರು. ಬಿಚ್ಚಿದರು. ಎಡಕ್ಕೆ ಸುತ್ತಲು ನೋಡಿದರು. ನೆರಿಗೆ ಕೈಯಲ್ಲಿ ನಿಲ್ಲದೆ ಬಟ್ಟೆ ಕಿವಿಯ ಮೇಲೆ ಜಾರಿತು. "ಇದು ನನ್ನಿಂದ ಆಗುದಿಲ್ಲ. ಯಾರಿಗಾದರೂ ಗೊತ್ತುಂಟಾ?" ಎಂದು ಸುತ್ತ ನೋಡಿದರು.

"ಗೊತ್ತಿದ್ದವನು ಮಲಗಿದ್ದಾನಲ್ಲ" ಎಂದರು ಮುದುಕರು.

ನಾನು ಬಾಗಿಲಿನ ಹತ್ತಿರ ಇದ್ದೆ, ಆರೇಳು ಹೆಜ್ಜೆ ದೂರದಲ್ಲಿ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಳೆಯಬೇಕು, ಕೊನೆಯದನ್ನು ಎಲ್ಲಿ ಸಿಕ್ಕಿಸಬೇಕು, ಎಲ್ಲವೂ ನನ್ನ ಕೈಗೆ ಗೊತ್ತಿತ್ತು. ಅಪ್ಪನ ಪಕ್ಕದಲ್ಲಿ ಕುಳಿತಿದ್ದ ಅವ್ವ ತಲೆ ಎತ್ತಿ ನೇರ ನನ್ನನ್ನು ನೋಡಿದಳು. ಅಂಗಳದಲ್ಲಿ ಕಡಬದವರು ನಿಂತಿದ್ದರು. ಸುದ್ದಿ ಸಿಕ್ಕಿ ಬಸ್ಸು ಹಿಡಿದು ಬಂದಿದ್ದರು. ಹುಡುಗನ ತಾಯಿಯ ಕಣ್ಣು ಬಾಗಿಲಿನ ಕಡೆಗೇ ಇತ್ತು. ಗಂಡಸರ ಮಧ್ಯೆ ಹೋಗಿ ಹೆಣದ ತಲೆ ಮುಟ್ಟುವ ಹುಡುಗಿಯನ್ನು ಇವರು ಮನೆಗೆ ಕರೆಸಿಕೊಳ್ಳುತ್ತಾರಾ ಎಂದು ನನಗೆ ಅನ್ನಿಸಿತು. ಅಪ್ಪ ಸತ್ತು ಅರ್ಧ ದಿನವೂ ಆಗಿರಲಿಲ್ಲ, ನಾನು ಯೋಚಿಸಿದ್ದು ಅದನ್ನು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದಾಳೆ ಎಂದುಕೊಂಡಿರಬೇಕು ಎಲ್ಲರೂ.

ಬಟ್ಟೆಯನ್ನು ಮಡಚಿ ಎದೆಯ ಮೇಲೆ ಇಟ್ಟು ಎತ್ತಿಕೊಂಡು ಹೋದರು.

ವರ್ಷ ಕಳೆದು ಕಡಬದ ಹುಡುಗನ ಜೊತೆಗೇ ನನ್ನ ಮದುವೆ ಆಯಿತು. ಮದುಮಗನಿಗೆ ಪುತ್ತೂರಿನಿಂದ ಹೊಲಿದ ಪೇಟ ತಂದಿದ್ದರು. ಟೊಪ್ಪಿಯ ಹಾಗೆ ಇಟ್ಟರು, ಊಟಕ್ಕೆ ಕುಳಿತಾಗ ತೆಗೆದು ಪಕ್ಕದಲ್ಲಿಟ್ಟರು. ಚಂದವೇ ಇತ್ತು. ಅವ್ವ ಅದನ್ನು ಒಮ್ಮೆ ನೋಡಿ ಒಳಗೆ ಹೋದಳು.

ನನಗೆ ಎರಡು ಮಕ್ಕಳಾದ ಮೇಲೆ, ಒಂದು ದಿನ ಅತ್ತೆ ಮತ್ತು ನಾನು ಕಲ್ಲುಗುಂಡಿಯಲ್ಲಿ ಒಂದು ಸಾವಿನ ಮನೆಗೆ ಹೋಗಿ ವಾಪಸು ಬರುತ್ತಿದ್ದೆವು. ಅಲ್ಲಿಯೂ ಬರಿತಲೆಯಲ್ಲೇ ಕಳಿಸಿದ್ದರು. ಬಸ್ಸಿಗೆ ಕಾಯುವಾಗ ಅತ್ತೆ ಆ ಮಾತು ತೆಗೆದರು.

"ನಿನ್ನ ಅಪ್ಪನದ್ದೂ ಹೀಗೇ ಆಯಿತಲ್ಲ. ಅಷ್ಟು ಜನ ಇದ್ದರು, ಒಬ್ಬರಿಗೂ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತು" ಎಂದೆ. ಆ ಮಾತನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ.

ಅತ್ತೆ ತಿರುಗಿ ನೋಡಿದರು. "ಮತ್ತೆ ಎಂತಕ್ಕೆ ಕಟ್ಟಲಿಲ್ಲ?"

"ನೀವು ಅಲ್ಲಿ ನಿಂತಿದ್ದಿರಿ."

"ನಾನು ನಿಂತರೆ ಎಂತ ಮಾರಾಯ್ತಿ? ಒಂದು ಮಾತು ಹೇಳಿದ್ದರೆ ಆಚೆ ತುದಿ ನಾನು ಹಿಡಿಯುತ್ತಿದ್ದೆ."

ಆಗಿ ಹೋದದ್ದರ ಬಗ್ಗೆ ಹೀಗೆ ಹೇಳುವುದು ಸುಲಭ. ಆ ದಿನ ಅವರು ನಿಜವಾಗಿ ಹಿಡಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅಷ್ಟು ಮಾತ್ರ ಗೊತ್ತು. ಅಷ್ಟು ವರ್ಷ ಕಡಬದವರ ಮೇಲೆ ಹಾಕಿ ಇಟ್ಟುಕೊಂಡಿದ್ದ ತಪ್ಪು ಆ ಬಸ್ಸು ಬರುವುದರೊಳಗೆ ನನ್ನ ಬಳಿಗೇ ಬಂತು. ಅವ್ವನಿಗೆ ಹೇಳಬೇಕೆಂದು ಎಷ್ಟೋ ಸಲ ಅಜ್ಜಾವರಕ್ಕೆ ಹೋದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ, ಅವಳೂ ಹೋದಳು.

ಜೀವಮಾನ ಇಡೀ ಇನ್ನೊಬ್ಬರ ತಲೆಗೆ ಕಟ್ಟಿದ ಅಪ್ಪ ಬರಿತಲೆಯಲ್ಲಿ ಹೋದರು. ಅವರಿಗೆ ಸಲ್ಲಬೇಕಾಗಿದ್ದ ಎರಡನೆಯ ಮುಂಡಾಸು ಅವರಿಗೆ ಸಿಗಲಿಲ್ಲ.