ಗಾಳಿಗೆ ಹೋಗದ ವಾಸನೆ

ಮೆಲ್ಬರ್ನಿನಲ್ಲಿದ್ದಾಗ ನಲ್ಲಿಯ ನೀರಿನಿಂದಲೇ ಮನೆಯಲ್ಲಿ ಒಳ್ಳೆಯ ಬಿಯರ್ ಮಾಡುತ್ತಿದ್ದೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಬಂದ ಮೇಲೆ ಅದೇ ಸಾಮಗ್ರಿ ಹಾಕಿದರೂ ಎರಡು ಸಲ ಕೆಟ್ಟಿತು. ಎರಡನೆಯ ಸಲ ಹೆಂಡತಿ ಒಂದು ಗುಟುಕು ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿದಳು.

"ಏನ್ರೀ ಇದು, ಬಿಯರೋ, ಗಾಯಕ್ಕ ಹಚ್ಚೋ ಔಷಧನೋ? ಇನ್ನೊಮ್ಮೆ ಹಿಂಗಾದ್ರ ನಿಮ್ಮ ಬಿಯರ್ ಡಬ್ಬಿಯೊಳಗ ಉಪ್ಪಿನಕಾಯಿ ಹಾಕ್ತೀನಿ ನೋಡ್ರಿ."

ಡಬ್ಬಿ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಬದಲಾದದ್ದು ನೀರು ಮಾತ್ರ, ತಪ್ಪು ಅದರದೇ ಇರಬೇಕು ಅನ್ನಿಸಿತು. ಧಾರವಾಡದಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಹೋಗಲೆಂದು ಅವ್ವ ಕೊಡದೊಳಗಿನ ನೀರನ್ನು ಒಂದು ದಿನ ಮುಚ್ಚದೆ ಇಡುತ್ತಿದ್ದಳು. ನಾನೂ ಹಾಗೆಯೇ ಇಟ್ಟೆ. ಮರುದಿನ ಮೀನು ಸಾಕುವವರು ನೀರಿನ ಕ್ಲೋರಿನ್ ಅಳೆಯಲು ಬಳಸುವ ಕಾಗದದ ಪಟ್ಟಿಯನ್ನು ಅದ್ದಿ ನೋಡಿದರೆ, ಬಣ್ಣ ಆಗಷ್ಟೇ ನಲ್ಲಿಯಿಂದ ಹಿಡಿದ ನೀರಿನಲ್ಲಿ ಬಂದಷ್ಟೇ ಗಾಢವಾಗಿತ್ತು. ಬಿಯರ್ ಸಾಮಾನಿನ ಅಂಗಡಿಯವರನ್ನು ಕೇಳಿದೆ. ಇಲ್ಲಿನ ನೀರಿನಲ್ಲಿರುವುದು ಮೆಲ್ಬರ್ನಿನಂತೆ ಬರೀ ಕ್ಲೋರಿನ್ ಅಲ್ಲ, ಅಮೋನಿಯಾ ಬೆರೆಸಿದ ಕ್ಲೋರಮೈನ್, ಅದು ಗಾಳಿಗಿಟ್ಟರೆ ಹೋಗುವುದಿಲ್ಲ ಎಂದರು. ಅದನ್ನು ಹೋಗಲಾಡಿಸಲು ಅವರು ಕೊಟ್ಟ ಸಲ್ಫೈಟ್ ಮಾತ್ರೆಯಲ್ಲಿ ಅರ್ಧವನ್ನು ಪುಡಿ ಮಾಡಿ ನೀರಿಗೆ ಬೆರೆಸಿ, ಮತ್ತೆ ಪಟ್ಟಿ ಅದ್ದಿದೆ. ಈ ಸಲ ಅದು ಬೆಳ್ಳಗೇ ಉಳಿಯಿತು. ಆ ನೀರಿನಲ್ಲಿ ಮೂರನೆಯ ಬಿಯರ್ ಹಾಕಿದೆ.

ತಿಂಗಳಾದ ಮೇಲೆ ಹೆಂಡತಿಯ ಕೈಗೆ ಗ್ಲಾಸು ಕೊಟ್ಟೆ. ಒಂದು ಗುಟುಕು ಕುಡಿದಳು, ಮತ್ತೊಂದು ಗುಟುಕು ಕುಡಿದಳು.

"ಉಪ್ಪಿನಕಾಯಿಗೆ ಬ್ಯಾರೆ ಡಬ್ಬಿ ತರ್ರಿ," ಎಂದಳು.