ಸೆಲ್ವಿ ಸಿಸ್ಟರ್ ಬೆಚ್ಚಗಾಗಿಸಿದ ಬೆರಳು

ಮಾರಿಕುಪ್ಪಂನ ಸೆಲ್ವಿ ಐಸಿಯು ನರ್ಸಾಗಿ ಇಪ್ಪತ್ತಾರು ವರ್ಷ ದುಡಿದವಳು. ಎಂಥ ಬತ್ತಿದ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿದು ರಕ್ತ ತೆಗೆಯುತ್ತಾಳೆ ಎಂದು ಹೆಸರಾಗಿದ್ದಳು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಹಾಗಾಗಿ ಡಾಕ್ಟರ್ ಶ್ಯಾಮಲ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪೊಂದನ್ನು ತಂದು, “ಲಿವರ್ ಎಷ್ಟು ಕೆಲಸ ಮಾಡ್ತಿದೆ ಅಂತ ಇದು ಹೊರಗಿಂದಲೇ ಹೇಳುತ್ತೆ” ಎಂದಾಗ ಸೆಲ್ವಿ ನಂಬಲಿಲ್ಲ.

ಅದೇ ವಾರ ಬೂದಿಕೋಟೆ ಕಡೆಯಿಂದ ವೆಂಕಟರತ್ನಮ್ಮನನ್ನು ಕರೆತಂದರು. ಹಸು ಸಾಕಿ ಡೇರಿಗೆ ಹಾಲು ಹಾಕುವಾಕೆ. ಇಲಿಜ್ವರ ತಗುಲಿ ಲಿವರ್ ಸೋತಿತ್ತು, ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ರಕ್ತ ಹೆಪ್ಪುಗಟ್ಟುತ್ತಲೇ ಇರಲಿಲ್ಲ. ಸೆಲ್ವಿ ಚುಚ್ಚಿದ್ದು ಒಂದೇ ಸಲ. ಆದರೂ ಅರ್ಧ ಗಂಟೆ ಹತ್ತಿ ಒತ್ತಿ ಹಿಡಿದು ಕೂರಬೇಕಾಯಿತು. ಮೊಣಕೈವರೆಗೂ ನೇರಳೆ ಕಲೆ.

“ಸೂಜಿ ಬ್ಯಾಡ ಕಣಮ್ಮಾ, ಸಾಕು ಬುಟ್ಬುಡು,” ಎಂದಳು ವೆಂಕಟರತ್ನಮ್ಮ.

ತನ್ನ ಕೈಚಳಕ ಸಾಲದೆಂದು ಸೆಲ್ವಿಗೆ ಮೊದಲ ಸಲ ಅನಿಸಿತು.

ಡಾಕ್ಟರ್ ಕ್ಲಿಪ್ ಹಾಕಿದರು. ಪರದೆಯಲ್ಲಿ ಏನೂ ಮೂಡಲಿಲ್ಲ. ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು, ಉಗುರಿಗೆಲ್ಲ ಕ್ಲಿಪ್ಪಿನ ಬೆಳಕು ತಡೆಯುವ ಗೋರಂಟಿ.

“ಇದಾಗದಿದ್ರೆ ಕುತ್ತಿಗೆಯಿಂದ ಲಿವರ್‌ವರೆಗೆ ಟ್ಯೂಬ್ ಇಳಿಸಿ ನೋಡ್ಬೇಕಾಗುತ್ತೆ ಸಿಸ್ಟರ್. ರಕ್ತ ನಿಲ್ಲದಿದ್ರೆ ಅಂತ ಭಯ.”

“ಹತ್ತು ನಿಮಿಷ ಕೊಡಿ ಮೇಡಂ.”

ಸೆಲ್ವಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ವೆಂಕಟರತ್ನಮ್ಮನ ಎಡಗೈಗೆ ಸುತ್ತಿ, ತನ್ನ ಅಂಗೈಗಳ ನಡುವೆ ಇಟ್ಟುಕೊಂಡಳು. “ಯಾವ ಹಸು ಜಾಸ್ತಿ ಹಾಲು ಕೊಡುತ್ತಮ್ಮ?” ಎಂದು ಮಾತಿಗೆಳೆದಳು. ವೆಂಕಟರತ್ನಮ್ಮ ನಿಧಾನಕ್ಕೆ ಹಸುಗಳ ಗುಣ ಹೇಳತೊಡಗಿದಳು. ಆ ಕೈಯ ಕಿರುಬೆರಳ ಉಗುರು ಹಸು ತುಳಿದು ಉದುರಿ, ಹೊಸದು ಬೆಳೆದಿತ್ತು. ಅದಕ್ಕೆ ಗೋರಂಟಿ ಇರಲಿಲ್ಲ. ಸೆಲ್ವಿ ಅಲ್ಲಿಗೇ ಕ್ಲಿಪ್ ಸಿಕ್ಕಿಸಿದಳು. ಪರದೆಯ ಮೇಲೆ ಅಲೆ ಮೂಡಿತು.

ಆಗಲೇ ಹಾಕಿದ್ದ ಡ್ರಿಪ್ಪಿನ ಮೂಲಕ ಹಸಿರು ಮದ್ದು ಕೊಟ್ಟರು. ಲಿವರ್ ಅದನ್ನು ಎಷ್ಟು ಬೇಗ ರಕ್ತದಿಂದ ತೆಗೆದುಹಾಕುತ್ತದೋ ಅಷ್ಟು ಚೆನ್ನಾಗಿದೆ ಎಂದರ್ಥ. ಆರು ನಿಮಿಷದ ಮೇಲೆ ಪರದೆಯಲ್ಲಿ ಬಂದ ಅಂಕಿ ಏಳು, ಅಂದರೆ ನಿಮಿಷಕ್ಕೆ ನೂರರಲ್ಲಿ ಏಳು ಪಾಲು.

“ಹದಿನೆಂಟಾದ್ರೂ ಇರ್ಬೇಕಿತ್ತು. ಆದ್ರೆ ಲಿವರ್ ಪೂರ್ತಿ ನಿಂತಿಲ್ಲ. ಟ್ಯೂಬ್ ಬೇಡ, ಕಾಯೋಣ,” ಎಂದರು ಡಾಕ್ಟರ್.

ರಕ್ತಪರೀಕ್ಷೆ ತಪ್ಪಲಿಲ್ಲ, ಮೂರು ಸಲದ ಬದಲು ದಿನಕ್ಕೆ ಒಂದೇ ಸಲ. ಕ್ಲಿಪ್ಪಿನ ಅಂಕಿ ಮರುದಿನ ಎಂಟು, ಆಮೇಲೆ ಮತ್ತೆ ಏಳು. ರಜೆಯ ದಿನವೂ ಸೆಲ್ವಿ ಫೋನ್ ಮಾಡಿ ಅಂಕಿ ಕೇಳಿದಳು. ಹತ್ತನೆಯ ದಿನ ಹತ್ತೊಂಬತ್ತು ಬಂತು. ಖುಷಿಯಲ್ಲಿ ಅವಳು ತಮಿಳಿನಲ್ಲಿ ಏನೋ ಅಂದಳು, ವೆಂಕಟರತ್ನಮ್ಮ ತೆಲುಗಿನಲ್ಲಿ ಏನೋ ಅಂದಳು, ಇಬ್ಬರಿಗೂ ಅರ್ಥವಾಯಿತು.

ಎರಡು ತಿಂಗಳ ಮೇಲೆ, ಒಂದು ಭಾನುವಾರ, ಸೆಲ್ವಿ ಬಂಗಾರಪೇಟೆಯಲ್ಲಿ ರೈಲಿಳಿದು ಬೂದಿಕೋಟೆ ಬಸ್ಸು ಹತ್ತಿದಳು. ವೆಂಕಟರತ್ನಮ್ಮ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗೆಯಲ್ಲಿ ನಿಂತಿದ್ದಳು.

“ನಗ್ಬ್ಯಾಡ ಕಣಮ್ಮಾ. ಇಲಿ ಉಚ್ಚೆ ಕಾಲಿಗೆ ತಾಕಬಾರ್ದಂತೆ, ಡಾಕ್ಟ್ರಮ್ಮ ಏಳವ್ರೆ. ಬಾ, ಗಿಣ್ಣು ಮಾಡಿವ್ನಿ.”

ಸೆಲ್ವಿ ಎರಡು ಸಲ ಹಾಕಿಸಿಕೊಂಡು ತಿಂದಳು. ನಾಲ್ಕು ಗಂಟೆಯ ಬಸ್ಸು ತಪ್ಪಿತು.